ಮನೆ ಹಿತ್ತಲಲ್ಲಿ ಡ್ರ್ಯಾಗನ್ ಫ್ರೂಟ್: ಕಂಬ ನಿಲ್ಲಿಸುವುದರಿಂದ ಹಣ್ಣು ಕೀಳುವವರೆಗೆ

"ಗಿಡ ನೆಟ್ಟು ಎರಡು ವರ್ಷ ಆಯ್ತು, ಹಸಿರಾಗಿ ಸೊಂಪಾಗಿ ಬೆಳೆದಿದೆ, ಆದ್ರೆ ಒಂದು ಹೂವೂ ಬಿಟ್ಟಿಲ್ಲ. ಏನ್ ಮಾಡ್ಲಿ?" ಡ್ರ್ಯಾಗನ್ ಫ್ರೂಟ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು, ಗಿಡ ಬುಡದಲ್ಲೇ ಕೊಳೆತು ಹೋಯ್ತು ಅನ್ನುವುದು. ಎರಡಕ್ಕೂ ಸೇರಿಸಿ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಇದು ಕಳ್ಳಿ ಜಾತಿಯ ಗಿಡ ನಿಜ, ಆದರೆ ಮರುಭೂಮಿಯ ಕಳ್ಳಿ ಅಲ್ಲ. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳು. ಅಲ್ಲಿ ಇದು ತರಗೆಲೆ ಕೊಳೆತ ಹಗುರ ಮಣ್ಣಿನಲ್ಲಿ ಬೇರು ಬಿಟ್ಟು, ಮರ ಹಿಡಿದು ಬೆಳಕಿನ ಕಡೆ ಹತ್ತಿ, ಮೇಲೆ ಹೋದ ಮೇಲೆ ರೆಂಬೆಗಳನ್ನು ಇಳಿಬಿಟ್ಟು ಹೂ ಬಿಡುತ್ತದೆ. ಹತ್ತುವ ತನಕ ಅದರ ಶಕ್ತಿಯೆಲ್ಲ ಬೆಳೆಯುವುದಕ್ಕೇ ಹೋಗುತ್ತದೆ. ಜೋತು ಬಿದ್ದ, ಬಲಿತ ರೆಂಬೆಗಳಲ್ಲೇ ಹೂವು ಜಾಸ್ತಿ. ಕೆಳಗೆ ಹೇಳುವ ಒಂದೊಂದು ಕೆಲಸವೂ ಈ ಸ್ವಭಾವಕ್ಕೆ ಹೊಂದಿಕೊಂಡೇ ಇದೆ.

ವಿಯೆಟ್ನಾಮಿಗೆ ಇದನ್ನು ತಂದವರು ಫ್ರೆಂಚರು. ಗುಜರಾತ್ ಸರ್ಕಾರ 2021ರಲ್ಲಿ ಇದಕ್ಕೆ ಕಮಲಂ ಅಂತ ಹೆಸರಿಟ್ಟಿತು, ಹಾಗಾಗಿ ನರ್ಸರಿಯಲ್ಲಿ ಆ ಹೆಸರು ಕೇಳಿದರೆ ಬೇರೆ ಗಿಡ ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ರಾತ್ರಿ ಅರಳುವ ಬ್ರಹ್ಮಕಮಲ ಇದ್ದರೆ, ಅದೂ ಇದೇ ಕಳ್ಳಿ ಕುಟುಂಬದ್ದೇ.

ಏನೇನು ಬೇಕು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ. ಇದು ಇಲ್ಲದಿದ್ದರೆ ಮುಂದಿನದ್ದನ್ನೆಲ್ಲ ಓದಿ ಪ್ರಯೋಜನ ಇಲ್ಲ. ನೆರಳಲ್ಲಿ ಗಿಡ ಬದುಕುತ್ತದೆ, ಉದ್ದಕ್ಕೆ ಸಣಕಲಾಗಿ ಹೋಗುತ್ತದೆ, ಹೂವು ಮಾತ್ರ ಬಿಡುವುದಿಲ್ಲ.

ಏಳು ಅಡಿಯ ಒಂದು ಕಲ್ಲುಕಂಬ ಅಥವಾ ಸಿಮೆಂಟ್ ಕಂಬ, ಅದರ ತಲೆ ಮೇಲೆ ಕೂರಿಸಲು ಒಂದು ಹಳೆಯ ಟೈರ್, ಎರಡು ಕಬ್ಬಿಣದ ಸರಳು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕಟ್ಟಲು ಹಳೆಯ ಹತ್ತಿ ಬಟ್ಟೆಯ ಪಟ್ಟಿ. ಆಮೇಲೆ ಬಲಿತ ಕಾಂಡದ ತುಂಡುಗಳು.

ಹಂತ 1: ತಳಿ ಆರಿಸಿಕೊಳ್ಳಿ

ಸಿಗುವುದು ಮುಖ್ಯವಾಗಿ ಮೂರು ಬಗೆ. ಗುಲಾಬಿ ಸಿಪ್ಪೆಯ ಬಿಳಿ ತಿರುಳು, ಗುಲಾಬಿ ಸಿಪ್ಪೆಯ ಕೆಂಪು ತಿರುಳು, ಹಳದಿ ಸಿಪ್ಪೆಯ ಬಿಳಿ ತಿರುಳು. ಬಿಳಿ ತಿರುಳಿನದ್ದು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಪರಾಗ ಅಂದರೆ ಹೂವಿನೊಳಗಿನ ಹಳದಿ ಪುಡಿ. ಅಂದರೆ ಒಂದೇ ಗಿಡ ಇದ್ದರೂ ಹಣ್ಣು ಸಿಗುತ್ತದೆ. ಕೆಂಪು ತಿರುಳಿನ ಬಹಳಷ್ಟು ತಳಿಗಳಿಗೆ ಹಾಗಲ್ಲ, ಬೇರೆ ತಳಿಯ ಹೂವಿನ ಪರಾಗ ಬೇಕು, ಇಲ್ಲದಿದ್ದರೆ ಅರಳಿದ ಹೂವೆಲ್ಲ ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತವೆ. ಹಳದಿ ಸಿಪ್ಪೆಯದ್ದು ತುಂಬಾ ಸಿಹಿ, ಆದರೆ ಬೆಳವಣಿಗೆ ನಿಧಾನ, ಕಾಯಿ ಹಣ್ಣಾಗಲು ತಿಂಗಳುಗಟ್ಟಲೆ ಬೇಕು, ಸಿಪ್ಪೆ ಮೇಲೆ ಮುಳ್ಳು ಬೇರೆ.

ಮೊದಲ ಸಲ ಬೆಳೆಯುವವರಿಗೆ ನನ್ನ ಸಲಹೆ: ಒಂದೇ ಕಂಬಕ್ಕೆ ಎರಡು ಗಿಡ, ಒಂದು ಬಿಳಿ, ಒಂದು ಕೆಂಪು. ಒಂದಕ್ಕೊಂದು ಪರಾಗ ಸಿಗುತ್ತದೆ. ಕೊಳ್ಳುವಾಗ "ಇದು ಒಂಟಿಯಾಗಿ ಇದ್ದರೂ ಕಾಯಿ ಕಟ್ಟುತ್ತದಾ?" ಅಂತ ಕೇಳಿಯೇ ಕೊಳ್ಳಿ. ಮಾರುವವರಿಗೆ ಉತ್ತರ ಗೊತ್ತಿಲ್ಲ ಅಂದರೆ, ಬಣ್ಣಬಣ್ಣದ ಹೆಸರಿನ ದುಬಾರಿ ಗಿಡಕ್ಕೆ ದುಡ್ಡು ಹಾಕಬೇಡಿ.

ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಈ ಹಣ್ಣಿಗೆಂದೇ ಅಲ್ಲಿ ಉತ್ಕೃಷ್ಟತಾ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿದೆ. ಆ ಕಡೆ ಹೋಗುವವರು ತಳಿಗಳ ಬಗ್ಗೆ ವಿಚಾರಿಸಿಕೊಂಡು ಬನ್ನಿ.

ಬೀಜದಿಂದ ಬೆಳೆಸಬಹುದಾ ಅಂತ ಕೇಳುವವರೂ ಇದ್ದಾರೆ. ತಿಂದ ಹಣ್ಣಿನ ಕಪ್ಪು ಬೀಜ ಸುಲಭವಾಗಿ ಮೊಳೆಯುತ್ತದೆ, ಮಕ್ಕಳಿಗೆ ನೋಡಲು ಚೆಂದ. ಆದರೆ ಹಣ್ಣಿಗೆ ನಾಲ್ಕೈದು ವರ್ಷ ಕಾಯಬೇಕಾಗುತ್ತದೆ, ಹಣ್ಣು ತಾಯಿಗಿಡದ ಹಾಗೇ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ತುಂಡಿನಿಂದ ಬೆಳೆಸಿದ್ದು ಸಾಮಾನ್ಯವಾಗಿ ಎರಡನೇ ವರ್ಷಕ್ಕೇ ಹೂ ಬಿಡುತ್ತದೆ.

ಹಂತ 2: ತುಂಡು ಕತ್ತರಿಸಿ, ಒಣಗಿಸಿ

ಹಣ್ಣು ಬಿಟ್ಟ ಗಿಡದಿಂದ, ಕಡು ಹಸಿರಾಗಿ ಬಲಿತ ರೆಂಬೆಯಿಂದ ಒಂದಡಿ ಉದ್ದದ ತುಂಡು ತೆಗೆದುಕೊಳ್ಳಿ. ತಿಳಿ ಹಸಿರಿನ ಎಳೆ ತುದಿ ಬೇಡ, ಕೊಳೆಯುವುದೇ ಜಾಸ್ತಿ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಕತ್ತರಿಸಿದ ತಕ್ಷಣ ಮೇಲ್ತುದಿ ಯಾವುದು ಅಂತ ಪೆನ್ನಿನಲ್ಲಿ ಬಾಣದ ಗುರುತು ಹಾಕಿ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಹತ್ತು ತುಂಡು ರಾಶಿ ಹಾಕಿದ ಮೇಲೆ ತಲೆ ಯಾವುದು ಬುಡ ಯಾವುದು ತಿಳಿಯುವುದೇ ಇಲ್ಲ. ಉಲ್ಟಾ ನೆಟ್ಟದ್ದು ಸರಿಯಾಗಿ ಏಳುವುದಿಲ್ಲ.

ಈಗ ಅದನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಐದರಿಂದ ಏಳು ದಿನ ಸುಮ್ನೆ ಬಿಡಿ. ಗಾಯಕ್ಕೆ ಹೊಪ್ಪಳೆ ಕಟ್ಟಿದ ಹಾಗೆ ಕತ್ತರಿಸಿದ ಜಾಗ ಬೆಳ್ಳಗಾಗಿ ಗಟ್ಟಿಯಾಗಬೇಕು. ಹಸಿ ಗಾಯ ಮಣ್ಣಿಗೆ ತಾಗಿದರೆ ಬೂಷ್ಟು ಒಳಗೆ ಹೋಗಿ ತುಂಡು ಕೆಳಗಿನಿಂದ ಮೆತ್ತಗಾಗುತ್ತದೆ. ಆತುರಪಟ್ಟು ಅವತ್ತೇ ನೆಡುವುದರಿಂದಲೇ ಬಹಳ ತುಂಡುಗಳು ಸಾಯುತ್ತವೆ.

ಒಣಗಿದ ತುಂಡನ್ನು ಮರಳು ಜಾಸ್ತಿ ಇರುವ ಮಣ್ಣಿನ ಚೀಲದಲ್ಲಿ ಎರಡು ಇಂಚು ಆಳಕ್ಕೆ ನೆಡಿ. ಆಸರೆಗೆ ಒಂದು ಕಡ್ಡಿ ಚುಚ್ಚಿ. ಮಣ್ಣು ತುಸು ಒದ್ದೆ ಇದ್ದರೆ ಸಾಕು. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಬಂದಿದೆಯಾ ಅಂತ ದಿನಾ ಎಳೆದು ನೋಡಬೇಡಿ, ಹೊಸ ಚಿಗುರು ಕಾಣಿಸಿದರೆ ಬೇರು ಇದೆ ಅಂತಲೇ ಅರ್ಥ.

ಹಂತ 3: ಗಿಡಕ್ಕಿಂತ ಮೊದಲು ಕಂಬ

ಬೇರು ಬರುವಷ್ಟರಲ್ಲಿ ಕಂಬ ಎದ್ದು ನಿಂತಿರಬೇಕು. ಗಿಡ ಬೆಳೆದ ಮೇಲೆ ಕಂಬ ನಿಲ್ಲಿಸೋಣ ಅಂದುಕೊಂಡರೆ ಬೇರು ಕಡಿಯುತ್ತೀರಿ, ಕಾಂಡ ಮುರಿಯುತ್ತೀರಿ.

ಎರಡು ಅಡಿ ಮಣ್ಣೊಳಗೆ, ಐದು ಅಡಿ ಹೊರಗೆ. ಬುಡಕ್ಕೆ ಕಲ್ಲು, ಕಾಂಕ್ರೀಟ್ ಹಾಕಿ ಬಿಗಿ ಮಾಡಿ. ಚೆನ್ನಾಗಿ ಬೆಳೆದ ಗಿಡದ ರೆಂಬೆಗಳು ನೀರು ತುಂಬಿಕೊಂಡು ಭಾರೀ ತೂಕ ಬರುತ್ತವೆ, ಹಣ್ಣಿನ ಭಾರ ಬೇರೆ. ಬಿದಿರು, ಸರ್ವೆ ಗಳ ಒಂದೆರಡು ಮಳೆಗಾಲಕ್ಕೆ ಗೆದ್ದಲು ಹಿಡಿದು ಗಿಡದ ಸಮೇತ ಮಲಗುತ್ತವೆ. ಕಬ್ಬಿಣದ ಪೈಪೂ ಬೇಡ. ಬಿಸಿಲಿಗೆ ಕಾದು ಕಾಂಡ ಸುಡುತ್ತದೆ, ಗಾಳಿಬೇರು ಹಿಡಿದುಕೊಳ್ಳುವುದೂ ಇಲ್ಲ. ಗಾಳಿಬೇರು ಅಂದರೆ ಕಾಂಡದ ಬದಿಯಿಂದ ಹೊರಟು ಆಸರೆಗೆ ಅಂಟಿಕೊಳ್ಳುವ ಬೇರುಗಳು. ಪೈಪೇ ಗತಿ ಅಂದರೆ ಗೋಣಿಚೀಲ ಅಥವಾ ತೆಂಗಿನ ನಾರಿನ ಹಗ್ಗ ಸುತ್ತಿ. ನಮ್ಮಲ್ಲಿ ಕಲ್ಲುಕಂಬ ಸುಲಭವಾಗಿ ಸಿಗುತ್ತದಲ್ವಾ, ಒಮ್ಮೆ ದುಡ್ಡು ಹಾಕಿದರೆ ಮತ್ತೆ ಯೋಚನೆ ಇಲ್ಲ.

ಕಂಬದ ತಲೆಗೆ ಎರಡು ಸರಳು ಅಡ್ಡಡ್ಡ ಕೂರಿಸಿ, ಅದರ ಮೇಲೆ ಟೈರ್ ಮಲಗಿಸಿ ಕಟ್ಟಿ. ರೆಂಬೆಗಳು ಈ ಟೈರಿನ ಒಳಗಿಂದ ಮೇಲೆ ಬಂದು ಅಂಚಿನ ಮೇಲೆ ಬಾಗಿ ಇಳಿಯುತ್ತವೆ. ಚೂಪು ಅಂಚಿನ ಕಬ್ಬಿಣದ ರಿಂಗ್ ಹಾಕಿದರೆ ಬಾಗಿದ ಜಾಗದಲ್ಲೇ ರೆಂಬೆ ಕೊಯ್ದು ಹೋಗುತ್ತದೆ.

ಮಾವಿನ ಮರಕ್ಕೋ ತೆಂಗಿಗೋ ಹಬ್ಬಿಸಬಹುದಲ್ಲ ಅನ್ನುವವರಿಗೆ: ಹಬ್ಬುತ್ತದೆ. ಬೆಳಕು ಹುಡುಕಿಕೊಂಡು ನಿಮ್ಮ ಕೈಗೆ ಸಿಗದಷ್ಟು ಎತ್ತರ ಹೋಗಿ ಅಲ್ಲಿ ಹೂ ಬಿಡುತ್ತದೆ. ಪರಾಗ ಮುಟ್ಟಿಸಲು ಆಗುವುದಿಲ್ಲ, ಹಣ್ಣು ಹಕ್ಕಿಗೆ. ಮನೆ ಗೋಡೆಗೂ ಬಿಡಬೇಡಿ, ಗಾಳಿಬೇರು ಬಣ್ಣ ಕಿತ್ತುಹಾಕುತ್ತದೆ.

ಹಂತ 4: ನೆಡುವುದು

ಇದರ ಬೇರು ಆಳಕ್ಕೆ ಹೋಗುವುದಿಲ್ಲ. ಹೆಚ್ಚಿನವು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿಕೊಳ್ಳುತ್ತವೆ. ಹಾಗಾಗಿ ಗುಂಡಿ ತೋಡುವುದಕ್ಕಿಂತ ದಿಬ್ಬ ಮಾಡುವುದು ಮುಖ್ಯ. ಕಂಬದ ಸುತ್ತ ಮೂರಡಿ ಅಗಲ, ಒಂದಡಿ ಎತ್ತರದ ದಿಬ್ಬ ಏರಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ, ಜೊತೆಗೆ ಬೇವಿನ ಹಿಂಡಿ. ಎರೆಮಣ್ಣಿನ ಊರಿನವರು ದಿಬ್ಬ ಇನ್ನೂ ಎತ್ತರ ಮಾಡಿ, ಮರಳು ಜಾಸ್ತಿ ಹಾಕಿ, ಯಾಕೆಂದರೆ ಆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಗಿಡವನ್ನು ಕಂಬದಿಂದ ನಾಲ್ಕು ಇಂಚು ದೂರದಲ್ಲಿ, ಚಪ್ಪಟೆ ಬದಿ ಕಂಬಕ್ಕೆ ಮುಖ ಮಾಡಿರುವ ಹಾಗೆ ನೆಡಿ. ಗಾಳಿಬೇರು ಆ ಬದಿಯಿಂದ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ತೋಟದಲ್ಲಿ ಕಂಬಕ್ಕೆ ನಾಲ್ಕು ಗಿಡ ಹಾಕುತ್ತಾರೆ, ಮನೆಗೆ ಎರಡು ಸಾಕು.

ಬಯಲುಸೀಮೆಯಲ್ಲಿ ಜೂನ್ ಜುಲೈ ಒಳ್ಳೆಯ ಸಮಯ. ಮಲೆನಾಡು, ಕರಾವಳಿಯವರು ಜೋರು ಮಳೆ ಮುಗಿಯುವವರೆಗೆ ಕಾಯಿರಿ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ನೆಡಿ. ಏಪ್ರಿಲ್ ಮೇ ಬಿಸಿಲಲ್ಲಿ ಯಾರೂ ನೆಡಬೇಡಿ.

ತಾರಸಿಯಲ್ಲಿ ಬೆಳೆಯುವವರು 200 ಲೀಟರ್ ಡ್ರಮ್ ಅರ್ಧಕ್ಕೆ ಕತ್ತರಿಸಿ ಬಳಸಿ, ತಳಕ್ಕೆ ಎಂಟು ಹತ್ತು ತೂತು. ಕಂಬದ ಬದಲು ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಕಾಂಕ್ರೀಟ್ ತುಂಬಿ, ಗೋಣಿ ಸುತ್ತಿ ನಿಲ್ಲಿಸಿ. ಒದ್ದೆ ಮಣ್ಣು, ಕಂಬ, ಗಿಡ ಎಲ್ಲ ಸೇರಿ ಭಾರೀ ತೂಕ, ಆದ್ದರಿಂದ ಪಿಲ್ಲರ್ ಅಥವಾ ಬೀಮ್ ಇರುವ ಜಾಗದ ಮೇಲೇ ಇಡಿ.

ಹಂತ 5: ಒಂದೇ ಕಾಂಡ ಮೇಲೆ ಹೋಗಲಿ

ಹೂವು ಬಿಡದ ಗಿಡಗಳ ಫೋಟೋ ನೋಡಿದಾಗ ನನಗೆ ಹೆಚ್ಚಾಗಿ ಕಾಣುವ ತಪ್ಪು ಇಲ್ಲೇ. ಬುಡದಿಂದಲೇ ಹತ್ತು ಹದಿನೈದು ರೆಂಬೆ, ಎಲ್ಲವೂ ಪೊದೆಯಾಗಿ ಬಿದ್ದಿರುತ್ತವೆ. ಚಿಗುರು ಕತ್ತರಿಸಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಆದರೂ ಕತ್ತರಿಸಬೇಕು.

ಒಂದು ಗಿಡದಲ್ಲಿ ಅತ್ಯಂತ ಗಟ್ಟಿಯಾದ ಒಂದು ಚಿಗುರು ಉಳಿಸಿ, ಬದಿಯಲ್ಲಿ ಬರುವುದನ್ನೆಲ್ಲ ಎಳೆಯದಾಗಿರುವಾಗಲೇ ಚಿವುಟಿ. ಒಂದಡಿಗೊಂದು ಕಡೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಂಬಕ್ಕೆ ಕಟ್ಟುತ್ತಾ ಹೋಗಿ. ತಂತಿ, ಪ್ಲಾಸ್ಟಿಕ್ ದಾರ ಬೇಡ, ಕಾಂಡ ದಪ್ಪವಾದಾಗ ಒಳಗೆ ಕೊರೆಯುತ್ತದೆ.

ಕಾಂಡ ಟೈರ್ ದಾಟಿ ನಾಲ್ಕಾರು ಇಂಚು ಮೇಲೆ ಹೋಯಿತಾ, ತುದಿ ಕತ್ತರಿಸಿ. ಆಗ ಕತ್ತರಿಸಿದ ಜಾಗದ ಕೆಳಗಿನ ಕಣ್ಣುಗಳಿಂದ, ಅಂದರೆ ಮುಳ್ಳು ಹುಟ್ಟುವ ಬಿಂದುಗಳಿಂದ, ಹೊಸ ರೆಂಬೆಗಳು ಒಡೆಯುತ್ತವೆ. ಮೂರು ನಾಲ್ಕನ್ನು ಬಿಟ್ಟು ಸುತ್ತಲೂ ಹಂಚಿ ಇಳಿಬಿಡಿ. ಅವು ಬಲಿತು ಜೋತು ಬಿದ್ದ ಮೇಲೆ ಹೂವಿನ ಕಾಲ. ರೆಂಬೆ ನೆಲ ಮುಟ್ಟಲು ಬಿಡಬೇಡಿ, ಒಂದೂವರೆ ಅಡಿ ಮೇಲೆ ಇರುವಾಗಲೇ ತುದಿ ಕತ್ತರಿಸಿ.

ಈಗಾಗಲೇ ಪೊದೆಯಾಗಿರುವ ಗಿಡ ಇದ್ದರೆ ಕಿತ್ತು ಎಸೆಯಬೇಡಿ. ಮಳೆ ಇಲ್ಲದ ದಿನ ನೋಡಿ ಎರಡು ಒಳ್ಳೆಯ ಕಾಂಡ ಬಿಟ್ಟು ಉಳಿದದ್ದು ಸವರಿ, ಆ ತುಂಡುಗಳಿಂದ ಹೊಸ ಗಿಡ ಮಾಡಿ.

ಹಂತ 6: ನೀರು, ಗೊಬ್ಬರ, ಬಿಸಿಲು

ಬೆರಳು ಎರಡು ಇಂಚು ಮಣ್ಣೊಳಗೆ ತೂರಿಸಿ. ಒಣಗಿದ್ದರೆ ನೀರು, ತೇವ ಇದ್ದರೆ ಬೇಡ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೇಕಾಗಬಹುದು, ಮಳೆಗಾಲದಲ್ಲಿ ಸೊನ್ನೆ. ಕಾಂಡ ತೆಳುವಾಗಿ ಸುಕ್ಕುಗಟ್ಟಿದರೆ ಬಾಯಾರಿದೆ. ಬುಡ ಹಳದಿಯಾಗಿ ಒತ್ತಿದರೆ ಪಿಚಕ್ ಅಂದರೆ ನೀರು ಜಾಸ್ತಿ ಆಗಿದೆ. ಎರಡನೆಯದು ಅಪಾಯ. ಬಾಯಾರಿದ ಗಿಡ ಎರಡು ದಿನಕ್ಕೆ ಚೇತರಿಸಿಕೊಳ್ಳುತ್ತದೆ, ಕೊಳೆತ ಬುಡ ಸರಿಹೋಗುವುದಿಲ್ಲ.

ಒಣ ಎಲೆ, ತೆಂಗಿನ ನಾರು ಬುಡಕ್ಕೆ ಹರಡಿ. ಕಾಂಡದಿಂದ ಒಂದು ಗೇಣು ದೂರ ಬಿಟ್ಟು ಹರಡಬೇಕು. ಗುದ್ದಲಿ ಹಾಕಿ ಕೆದಕಬೇಡಿ, ಬೇರು ಮೇಲೇ ಇವೆ.

ವರ್ಷಕ್ಕೆ ಎರಡು ಸಲ, ಬೇಸಿಗೆ ಮಳೆ ಶುರುವಾದಾಗ ಒಮ್ಮೆ, ಹಣ್ಣಿನ ಕಾಲ ಮುಗಿದ ಮೇಲೆ ಒಮ್ಮೆ, ಕಂಬಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಹಾಕಬೇಡಿ. ಸಾರಜನಕ ಜಾಸ್ತಿಯಾದರೆ ಎಳೆ ರೆಂಬೆಗಳೇ ಬರುತ್ತವೆ, ಹೂವು ಹಿಂದೆ ಬೀಳುತ್ತದೆ.

ಬೆಂಗಳೂರು, ಮೈಸೂರಿನ ಬಿಸಿಲು ಇದಕ್ಕೆ ಹಿತ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದಲ್ಲ, ಆಗ ಮೇಲಿನ ರೆಂಬೆಗಳು ಹಳದಿಯಾಗಿ, ಆಮೇಲೆ ಬೆಳ್ಳಗೆ ಬೆಂದು ಹೋಗುತ್ತವೆ. ಅದು ರೋಗ ಅಲ್ಲ, ಬಿಸಿಲಿನ ಸುಡುಗಾಯ. ಮಾರ್ಚ್‌ನಿಂದ ಮೇವರೆಗೆ ಪಶ್ಚಿಮದ ಕಡೆ ತೆಳು ನೆರಳುಬಲೆ ಕಟ್ಟಿ, ಮಳೆ ಬಿದ್ದ ಮೇಲೆ ತೆಗೆಯಿರಿ.

ಹಂತ 7: ಹೂವು ಅರಳುವ ರಾತ್ರಿ

ಹಗಲು ಉದ್ದವಾಗಿರುವ ತಿಂಗಳುಗಳಲ್ಲಿ ಇದು ಹೂ ಬಿಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮೇ ಜೂನ್‌ನಿಂದ ಅಕ್ಟೋಬರ್ ನವೆಂಬರ್‌ವರೆಗೆ, ಅಲೆ ಅಲೆಯಾಗಿ. ವಿಯೆಟ್ನಾಂ ರೈತರು ಹಗಲು ಚಿಕ್ಕದಾಗುವ ಕಾಲದಲ್ಲಿ ತೋಟಕ್ಕೆ ರಾತ್ರಿ ಬಲ್ಬ್ ಉರಿಸಿ ಹೂವು ಬರಿಸುತ್ತಾರೆ. ಮನೆಗೆ ಅದರ ಗೊಡವೆ ಬೇಡ.

ಕಣ್ಣಿನಲ್ಲಿ ಏನೋ ಒಡೆದರೆ ಗಮನಿಸಿ: ದುಂಡಗಿದ್ದರೆ ಮೊಗ್ಗು, ಚೂಪಾಗಿದ್ದರೆ ಚಿಗುರು. ಮೊಗ್ಗು ದೊಡ್ಡದಾಗಿ ಒಂದು ಸಂಜೆ ಬಿರಿಯಲು ಶುರುವಾಗುತ್ತದೆ, ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಪೂರ್ತಿ ಅರಳಿ, ಬೆಳಗಿನ ಬಿಸಿಲಿಗೆ ಬಾಡುತ್ತದೆ. ಒಂದೇ ರಾತ್ರಿ. ತವರಿನಲ್ಲಿ ಬಾವಲಿ, ದೊಡ್ಡ ಪತಂಗಗಳು ಪರಾಗ ಸಾಗಿಸುತ್ತವೆ. ನಮ್ಮಲ್ಲಿ ಬೆಳಗಿನ ಜಾವ ಜೇನುನೊಣ ಬಂದರೂ ಅದನ್ನೇ ನಂಬಿ ಕೂರಬಾರದು. ಬಿಳಿ ತಿರುಳಿನ ತಳಿಗೂ ಕೈಯಿಂದ ಪರಾಗ ಮುಟ್ಟಿಸಿದರೆ ಹಣ್ಣು ದಪ್ಪ ಬರುತ್ತದೆ.

ಕೆಲಸ ಸುಲಭ. ಹೂವಿನ ನಡುವೆ ಉದ್ದ ದಂಟಿನ ತುದಿಯಲ್ಲಿ ಕವಲೊಡೆದ ನಕ್ಷತ್ರದಂಥದ್ದು ಇರುತ್ತದೆ, ಅದು ಹೆಣ್ಣು ಭಾಗ. ಸುತ್ತ ಇರುವ ನೂರಾರು ಎಳೆಗಳ ತುದಿಯಲ್ಲಿ ಹಳದಿ ಪರಾಗ. ಒಂದು ಬಟ್ಟಲು ಹಿಡಿದು ಎಳೆಗಳನ್ನು ಮೆಲ್ಲಗೆ ತಟ್ಟಿ, ಬಿದ್ದ ಪರಾಗವನ್ನು ಮೆತ್ತಗಿನ ಕುಂಚದಿಂದ ಇನ್ನೊಂದು ತಳಿಯ ಹೂವಿನ ನಕ್ಷತ್ರದ ಎಲ್ಲ ಕವಲಿಗೂ ಚೆನ್ನಾಗಿ ಹಚ್ಚಿ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ಯಾವಾಗ ಮಾಡಿದರೂ ಆಗುತ್ತದೆ. ಎರಡು ತಳಿ ಒಂದೇ ರಾತ್ರಿ ಅರಳದಿದ್ದರೆ, ಪರಾಗವನ್ನು ಕಾಗದದಲ್ಲಿ ಮಡಚಿ, ಒಣ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಇಟ್ಟು ಒಂದೆರಡು ದಿನದೊಳಗೆ ಬಳಸಿ. ಮಳೆ ಬರುವ ಸೂಚನೆ ಇದ್ದರೆ ಹೂವಿನ ಮೇಲೆ ಒಂದು ಕೊಡೆ ಕಟ್ಟಿಬಿಡಿ, ಒದ್ದೆಯಾದ ಪರಾಗ ಕೆಲಸಕ್ಕೆ ಬರುವುದಿಲ್ಲ.

ನಾಲ್ಕೈದು ದಿನ ಬಿಟ್ಟು ನೋಡಿ. ಹೂವಿನ ಬುಡ ಹಸಿರಾಗೇ ಉಬ್ಬುತ್ತಿದ್ದರೆ ಕಾಯಿ ಕಟ್ಟಿತು.

ಹಂತ 8: ರೋಗ, ಹುಳ

ಮಳೆಗಾಲದಲ್ಲಿ ಕಾಂಡದ ಮೇಲೆ ಚಿಕ್ಕ ಕುಳಿಬಿದ್ದ ಚುಕ್ಕಿಗಳು ಕಾಣಿಸಿ, ಆಮೇಲೆ ಕಂದು ಬಣ್ಣದ ಕಜ್ಜಿಯಾದರೆ ಅದು ಶಿಲೀಂಧ್ರದ ರೋಗ, ಅಂದರೆ ಬೂಷ್ಟಿನ ಜಾತಿಯದ್ದು. ಆ ಭಾಗ ಕತ್ತರಿಸಿ ಸುಟ್ಟುಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮೆತ್ತಗೆ ಕೊಳೆತು ವಾಸನೆ ಬಂದರೂ ಹೀಗೇ ಮಾಡಿ. ಒಳಗಿನ ತಿರುಳಿನಲ್ಲಿ ಕಂದು ಬಣ್ಣ ಕಾಣುತ್ತಿರುವಷ್ಟು ದೂರವೂ ಕತ್ತರಿಸುತ್ತಾ ಹೋಗಿ, ಪೂರ್ತಿ ಹಸಿರು ಸಿಕ್ಕಲ್ಲಿ ನಿಲ್ಲಿಸಿ. ಒಂದೊಂದು ಕೊಯ್ತಕ್ಕೂ ಚಾಕು ಒರೆಸಿ.

ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ಬೆಳೆಯುವವರಿಗೆ ಇದು ಹೇಳಬೇಕಾಗಿಲ್ಲ. ಉಳಿದವರಿಗೆ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಬೇಕು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಮಾಡಿ, ಕಬ್ಬಿಣದ ಪಾತ್ರೆ ಬೇಡ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಇರುವೆ ಸಾಲುಗಟ್ಟಿದರೆ ಹತ್ತಿರದಲ್ಲಿ ಬಿಳಿ ಹಿಟ್ಟುತಿಗಣೆ ಇದೆಯಾ ನೋಡಿ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ನೀರು ಸೇರಿಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಕಾಂಡ ಸುಡುತ್ತದೆ. ಮಳೆಗಾಲದ ದೊಡ್ಡ ಬಸವನಹುಳು ಎಳೆ ಚಿಗುರು ತಿನ್ನುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ದಾರಿ.

ಹಂತ 9: ಕೀಳುವುದು, ಸವರುವುದು

ಹೂವಾದ 30ರಿಂದ 35 ದಿನಕ್ಕೆ ಹಣ್ಣು ಸಿದ್ಧ. ಸಿಪ್ಪೆ ಹಸಿರಿನಿಂದ ಗುಲಾಬಿಗೆ ತಿರುಗಿದ ಅವತ್ತೇ ಕೀಳಬೇಡಿ, ಇನ್ನೂ ನಾಲ್ಕು ದಿನ ಬಿಡಿ. ಕಿತ್ತ ಮೇಲೆ ಈ ಹಣ್ಣು ಬಾಳೆ, ಮಾವಿನ ಹಾಗೆ ಮಾಗಿ ಸಿಹಿಯಾಗುವುದಿಲ್ಲ. ಅಂಗಡಿಯ ಡ್ರ್ಯಾಗನ್ ಫ್ರೂಟ್ ಸಪ್ಪೆ ಅನ್ನುವವರು ತಿಂದಿರುವುದು ಹೆಚ್ಚಾಗಿ ಬೇಗ ಕಿತ್ತ ಹಣ್ಣು. ಹಾಗಂತ ತುಂಬಾ ದಿನ ಬಿಟ್ಟರೆ, ಅದರಲ್ಲೂ ಒಣಗಿದ್ದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ, ಸೀಳುತ್ತದೆ. ಬಣ್ಣ ತಿರುಗುವ ಮೊದಲೇ ಬಲೆಯ ಚೀಲ ಕಟ್ಟಿ. ಪಿಕಳಾರ, ಅಳಿಲು, ಬಾವಲಿ ಎಲ್ಲರೂ ಕಾಯುತ್ತಿರುತ್ತಾರೆ.

ಕೈಯಲ್ಲಿ ಎಳೆದರೆ ತೊಟ್ಟಿನ ಜಾಗದಲ್ಲಿ ಹಣ್ಣು ಹರಿಯುತ್ತದೆ. ಕತ್ತರಿಯಿಂದ ರೆಂಬೆಯ ಸಣ್ಣ ಚೂರಿನ ಸಮೇತ ತೆಗೆಯಿರಿ. ಫ್ರಿಜ್‌ನಲ್ಲಿ ವಾರ ಇಡಬಹುದು. ಕೆಂಪು ತಿರುಳಿನದ್ದು ತಿಂದ ಮೇಲೆ ಮೂತ್ರ ಕೆಂಪಾದರೆ ಹೆದರಬೇಡಿ, ಬೀಟ್‌ರೂಟ್ ತಿಂದಾಗ ಆಗುವುದೂ ಇದೇ. ಮಕ್ಕಳಿಗೆ ಕೊಡುವ ಮೊದಲು ಮನೆಯವರಿಗೆ ಹೇಳಿಡಿ.

ಕೊನೆಯ ಹಣ್ಣು ಕಿತ್ತ ಮೇಲೆ, ಡಿಸೆಂಬರ್ ಜನವರಿಯ ಒಣ ದಿನಗಳಲ್ಲಿ, ಎರಡು ಮೂರು ಸಲ ಹಣ್ಣು ಕೊಟ್ಟು ಸುಸ್ತಾದ ರೆಂಬೆ, ಒಳಗೆ ನೆರಳಲ್ಲಿ ಸಿಕ್ಕಿಕೊಂಡದ್ದು, ರೋಗ ಕಂಡದ್ದು ಸವರಿ ತೆಗೆಯಿರಿ. ಟೈರಿನ ನಡುವೆ ಬೆಳಕು, ಗಾಳಿ ಆಡಬೇಕು. ರೋಗ ಇಲ್ಲದ ಬಲಿತ ತುಂಡುಗಳಿಗೆ ಬಾಣದ ಗುರುತು, ತಳಿಯ ಹೆಸರು ಬರೆದು ನೆರಳಲ್ಲಿ ಒಣಗಿಸಿಡಿ. ಅಕ್ಕಪಕ್ಕದ ಮನೆಯವರು ಬೇರೆ ತಳಿ ಬೆಳೆದಿದ್ದರೆ ಅದಲು ಬದಲು ಮಾಡಿಕೊಳ್ಳಿ, ಮುಂದಿನ ಹೂವಿನ ಕಾಲಕ್ಕೆ ಪರಾಗವೂ ಹತ್ತಿರದಲ್ಲೇ ಸಿಗುತ್ತದೆ.